ಫೋಟೊದಲ್ಲಿ ಕಾಣದ ಸಂದಿ

ಆಸ್ತಿ ದಾಖಲೆ ಇಡುವ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಮೊದಲು ಕೇಳುವ ಪ್ರಶ್ನೆ, ‘ಯಾವ ಸಾಫ್ಟ್‌ವೇರ್ ಕಲೀಬೇಕ್ರಿ ಮೇಡಂ?’ ಯಾವುದನ್ನಾದರೂ ಕಲಿಯಿರಿ, ನಾಲ್ಕು ದಿನದ ಕೆಲಸ. ಒಂದು ಮನೆಯ ಮುಂದೆ ನಿಂತು ಅದರ ಫೋಟೊ ಸರಿಯಾಗಿ ತೆಗೆಯುವುದನ್ನು ಕಲಿಯಲು ಮಾತ್ರ ನನಗೆ ಅರ್ಧ ಆಯುಷ್ಯ ಹಿಡಿಯಿತು. ಆ ಪಾಠ ಆದದ್ದು ಕುರುಗೋಡಿನಲ್ಲಿ, ಈರಮ್ಮನ ಖಾರ ಕುಟ್ಟುವ ಗಿರಣಿಗೆ ಹೋಗುವ ಸಂದಿಯಲ್ಲಿ. ಸಂದಿ ಮುಚ್ಚಿದರೆ ಗಿರಣಿ ಮುಚ್ಚುತ್ತಿತ್ತು. ಗಿರಣಿ ಮುಚ್ಚಿದರೆ ಈರಮ್ಮನ ಜೀವನ ಅಲ್ಲಿಗೇ ನಿಲ್ಲುತ್ತಿತ್ತು. ಮುಚ್ಚಲು ಹೊರಟವರ ಕೈಯಲ್ಲಿದ್ದ ಸಾಕ್ಷಿಯೋ, ನಾನೇ ತೆಗೆದ ಫೋಟೊ!

ಅದಕ್ಕೆ ಬರುವ ಮೊದಲು ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಮನೆ, ಅಂಗಡಿ, ಗೋದಾಮು, ಖಾಲಿ ಸೈಟು ಮಾಡಿಕೊಂಡವರು ಬಹಳ ಮಂದಿ. ಅವುಗಳ ಕಾಗದವನ್ನು ಒಂದು ಕಡೆ ಇಟ್ಟವರು ಕಡಿಮೆ. ಕ್ರಯಪತ್ರ ಬೀರುವಿನಲ್ಲಿ, ಕಂದಾಯದ ರಸೀದಿ ದೇವರ ಫೋಟೊದ ಹಿಂದೆ, ಬಾಡಿಗೆ ಕರಾರು ಅಕ್ಕಿ ಡಬ್ಬಿಯ ಕೆಳಗೆ. ಇವನ್ನೆಲ್ಲ ಕೂಡಿಸಿ, ಕಂಪ್ಯೂಟರಿಗೆ ಏರಿಸಿ, ಯಾವ ಆಸ್ತಿಯಲ್ಲಿ ಯಾರು ಇದ್ದಾರೆ, ಯಾವುದರ ತೆರಿಗೆ ಬಾಕಿ, ಯಾವುದರ ಗೋಡೆ ಬಿರಿದಿದೆ ಎಂದು ಮಾಲೀಕರು ಕೇಳಿದಾಗ ಹೇಳುವುದು ನಮ್ಮ ಕಸುಬು. ಸರ್ಕಾರಿ ಕೆಲಸವಲ್ಲ, ಖಾಸಗಿ ಅಂಗಡಿ. ಬೋರ್ಡು ನಂದು, ಬೈಗುಳವೂ ನಂದೇ.

ನನಗೆ ವಿದ್ಯೆ ಕಲಿಸಿದವರು ತಿಪ್ಪಣ್ಣ ಮೇಷ್ಟ್ರು. ಮೇಷ್ಟ್ರು ಎಂದರೆ ಸಾಲಿ ಮೇಷ್ಟ್ರಲ್ಲ, ಬಳ್ಳಾರಿಯಲ್ಲಿ ಆಸ್ತಿ ಪತ್ರ ಬರೆಯುತ್ತಿದ್ದವರು. ತೆಕ್ಕಲಕೋಟೆಯಿಂದ ಟೈಪಿಂಗ್ ಪಾಸು ಮಾಡಿಕೊಂಡು ಬಂದ ನಾನು ಅವರ ಬಳಿ ಬೆರಳು ಸವೆಸಿದೆ. ಕ್ರಯಪತ್ರದಲ್ಲಿ ಚಕ್ಕುಬಂದಿ ಅಂತ ಬರುತ್ತದೆ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಏನು, ಹೀಗೆ ನಾಲ್ಕು ದಿಕ್ಕಿನ ಗಡಿ. ನಾನು ಹಳೆಯ ಪತ್ರ ನೋಡಿ ಅದನ್ನೇ ಹೊಸದಕ್ಕೆ ಇಳಿಸುತ್ತಿದ್ದರೆ ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು.

‘ಏನವಾ, ಕುಂತಲ್ಲೇ ಊರು ಅಳೀತಿಯೇನು?’

‘ಹಳೇ ಪತ್ರದಾಗ ಹಿಂಗ ಐತ್ರಿ.’

‘ಹಳೇ ಪತ್ರ ಬರದಾವನೂ ಹಿಂಗ ಕುಂತ ಬರದಾನ. ಎದ್ದು ಹೋಗಿ ನೋಡಿ ಬಾ. ಬಸ್ಸಿನ ಚಾರ್ಜು ನಾ ಕೊಡ್ತೀನಿ.’

ಬಸ್ಸಿನ ಚಾರ್ಜು ಅವರು ಕೊಟ್ಟದ್ದು ನನಗೆ ನೆನಪಿಲ್ಲ. ಮಾತು ಮಾತ್ರ ನೆನಪಿದೆ.

ನನ್ನದೇ ಅಂಗಡಿ ಹಾಕಿದಾಗ ಖಾಜಾ ಸಿಕ್ಕ. ಮೊಬೈಲ್ ರಿಪೇರಿ ಮಾಡುತ್ತ, ಉಳಿದ ಹೊತ್ತಿನಲ್ಲಿ ಪ್ರೋಗ್ರಾಂ ಬರೆಯುವ ಮನುಷ್ಯ. ಅವನಿಗೆ ಸಂಬಳ ಕೊಡುವ ಶಕ್ತಿ ನನಗಿರಲಿಲ್ಲ, ರಸ್ತೆಗೆ ಮುಖ ಮಾಡಿದ ಜಾಗ ಅವನಿಗಿರಲಿಲ್ಲ. ನನ್ನ ಅಂಗಡಿಯ ಮುಂಭಾಗ ಅವನ ರಿಪೇರಿ ಟೇಬಲ್ಲಿಗೆ, ಅವನ ತಲೆ ನನ್ನ ಸಾಫ್ಟ್‌ವೇರಿಗೆ ಎಂದು ಒಪ್ಪಂದವಾಯಿತು. ಚೌಕಾಸಿ ಮಾಡುವಾಗ ಎಲ್ಲರೂ ತಮ್ಮ ಕಿಸೆಯನ್ನೇ ನೋಡಿಕೊಳ್ಳುತ್ತಾರೆ. ಎದುರಿಗೆ ಕೂತವರಿಗೆ ಏನಿಲ್ಲ ಎಂದು ನೋಡಿ, ಅರ್ಧ ವ್ಯವಹಾರ ಅಲ್ಲೇ ಮುಗಿಯುತ್ತದೆ.

ಸಾಫ್ಟ್‌ವೇರಿನಲ್ಲಿ ಪ್ರತಿ ಆಸ್ತಿಗೂ ಒಂದು ಫೋಟೊ ಇತ್ತು. ಎಲ್ಲವೂ ಅಂಗಡಿಯ ಒಂದೇ ಕಂಪ್ಯೂಟರಿನಲ್ಲಿ. ಬಳ್ಳಾರಿಯ ಬಿಸಿಲು ಮನುಷ್ಯರನ್ನು ಮಾತ್ರ ಸುಡುತ್ತದೆ ಎಂದು ತಿಳಿದಿದ್ದೆ. ಒಂದು ಬೇಸಿಗೆಯಲ್ಲಿ ಕಂಪ್ಯೂಟರ್ ಟಪ್ ಅಂದು ಕಣ್ಣು ಮುಚ್ಚಿತು. ಬರಹದ ದಾಖಲೆಯೆಲ್ಲ ಮುದ್ರಿಸಿ ಇಟ್ಟಿದ್ದೆವು, ಉಳಿಯಿತು. ಫೋಟೊ ಒಂದೂ ಉಳಿಯಲಿಲ್ಲ, ಎಲ್ಲವನ್ನೂ ಮತ್ತೆ ತೆಗೆಯಬೇಕಾಯಿತು. ತಲೆ ಮೇಲೆ ಕೈ ಹೊತ್ತು ಕೂತಾಗ ಖಾಜಾ ಹೇಳಿದ:

‘ಆನ್‌ಲೈನ್‌ನಾಗ ಇಡೋಣಕ್ಕ ಇನ್ಮ್ಯಾಲೆ.’

‘ಆನ್‌ಲೈನ್ ಅಂದ್ರ ಯಾವೂರಲೇ?’

‘ಊರಲ್ಲಕ್ಕ. ದೊಡ್ಡ ಕಂಪನಿ ಗೋದಾಮು ಐತಿ ಅನ್ಕೋ. ನಮ್ಮ ಫೋಟೊ ಅಲ್ಲಿರ್ತಾವ, ನಾವು ಬಾಡಿಗಿ ಕಟ್ಟೋದು.’

‘ಬಾಡಿಗಿ ಅಂದ್ಯಲ್ಲ, ಈಗ ತಿಳೀತು ನೋಡು. ಮೊದಲ ಹಂಗ ಹೇಳಬಾರದೇನು?’

ಬಾಡಿಗೆ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೋದಾಮು ಹಿಡಿಯುವವರು ಕೇಳುವ ಪ್ರಶ್ನೆಗಳನ್ನೇ ಕೇಳಿದೆ. ಬಾಡಿಗೆ ತಡವಾದರೆ ಸಾಮಾನು ಹೊರಗೆ ಒಗೆಯುತ್ತಾನೋ, ಸ್ವಲ್ಪ ತಾಳುತ್ತಾನೋ? ಕೀಲಿ ಯಾರ ಯಾರ ಬಳಿ ಇರುತ್ತದೆ? ನಾವು ಖಾಲಿ ಮಾಡುತ್ತೇವೆಂದರೆ ಇಟ್ಟದ್ದನ್ನೆಲ್ಲ ಇಟ್ಟ ಹಾಗೆಯೇ ತಿರುಗಿ ಕೊಡುತ್ತಾನೋ? ಖಾಜಾ ಮೂರು ಕಂಪನಿಗಳ ಕರಾರು ಓದಿ ತಲೆ ಕೆರೆದುಕೊಂಡು ಉತ್ತರ ತಂದ. ಹೊಸಬರಿಗೆ ಹೇಳುತ್ತೇನೆ, ಇಂದಿಗೂ ಈ ಪ್ರಶ್ನೆಗಳು ಹಳತಾಗಿಲ್ಲ. ಅಗ್ಗ ಎಂದು ಓಡಬೇಡಿ. ಖಾಲಿ ಮಾಡುವ ದಿನವನ್ನು ನೆನೆದು ಒಳಗೆ ಕಾಲಿಡಿ.

ಆಮೇಲೆ ಮಾಲೀಕರನ್ನು ಒಪ್ಪಿಸುವ ಕೆಲಸ. ಸಿರುಗುಪ್ಪದ ಪಂಪನಗೌಡರು ನಮ್ಮ ದೊಡ್ಡ ಗಿರಾಕಿ. ಭತ್ತದ ಗೋದಾಮುಗಳು, ಬಸ್ ನಿಲ್ದಾಣದ ಕಡೆ ಅಂಗಡಿ ಸಾಲು, ಸಿರಿಗೇರಿ ದಾರಿಯಲ್ಲಿ ಸೈಟುಗಳು. ಫೋಟೊ ಆನ್‌ಲೈನ್‌ಗೆ ಹೋಗುತ್ತದೆಂದು ಕೇಳಿದ್ದೇ ತಡ, ಕೈಯಲ್ಲಿದ್ದ ಮಿರ್ಚಿ ಭಜಿ ತಟ್ಟೆಗಿಟ್ಟರು.

‘ಬ್ಯಾಡವಾ. ಊರಾಗಿನ ಕಣ್ಣು ತಡಕೊಳ್ಳೋದ ಕಷ್ಟ ಆಗೇತಿ. ಇನ್ನ ಜಗತ್ತಿನ ಕಣ್ಣೆಲ್ಲಾ ನಮ್ಮ ಗೋದಾಮಿನ ಮ್ಯಾಲ ಬಿದ್ರ?’

‘ಗೌಡ್ರ, ಗೋದಾಮಿಗೆ ಬೂದಗುಂಬಳಕಾಯಿ ಕಟ್ಟೀರಿಲ್ಲೋ?’

‘ಕಟ್ಟೀವಲ್ಲ.’

‘ಮತ್ತ ಫೋಟೊದಾಗ ಅದೂ ಬರ್ತೈತಿ. ಇಲ್ಲಿ ಕೆಲಸ ಮಾಡಿದ್ದು ಅಲ್ಲಿ ಯಾಕ ಮಾಡಂಗಿಲ್ಲ?’

ಗೌಡರು ಮಿರ್ಚಿ ಮತ್ತೆ ಕೈಗೆತ್ತಿಕೊಂಡರು. ‘ಕುಂಬಳಕಾಯಿ ಸಣ್ಣದು ಕಾಣ್ತೈತಿ. ಒಂದು ಕೆಲಸ ಮಾಡು. ಕೂಸಿಗೆ ಹಚ್ಚಿದಂಗ ಫೋಟೊಕ್ಕೂ ಒಂದು ಕಪ್ಪು ಬೊಟ್ಟು ಹಚ್ಚು. ಹಚ್ಚಿದ್ರ ಹಾಕು, ಇಲ್ಲಂದ್ರ ಬಿಡು.’

ಖಾಜಾ ಹಣೆ ಬಡಿದುಕೊಂಡ. ‘ಅಕ್ಕಾ, ನಾ ಕಲ್ತಿದ್ದು ಪ್ರೋಗ್ರಾಂ. ದೃಷ್ಟಿ ತೆಗಿಯೋದಲ್ಲ!’

‘ಗಿರಾಕಿ ಕೇಳಿದ್ದ ಪ್ರೋಗ್ರಾಂ. ಹಚ್ಚಲೇ ಸುಮ್ನ.’

ಪ್ರತಿ ಫೋಟೊದ ಎಡಗಡೆ ಕೆಳಮೂಲೆಯಲ್ಲಿ ತಾನಾಗಿಯೇ ಒಂದು ಕಪ್ಪು ಬೊಟ್ಟು ಬೀಳುವಂತೆ ಮಾಡಿದ. ಸುದ್ದಿ ಹಬ್ಬಿ ಕರೂರಿನವರೂ ಕೇಳಿದರು, ಬಳ್ಳಾರಿಯ ಓದಿದ ಡಾಕ್ಟರೂ ಕೇಳಿದರು. ಕೊನೆಗೆ ಎಲ್ಲರ ಫೋಟೊಕ್ಕೂ ಬೊಟ್ಟು ಹಚ್ಚಿದೆವು. ಒಂದು ಮಾತಿಗೆ ಮಾತ್ರ ನಾನು ಜಗ್ಗಲಿಲ್ಲ. ಬೊಟ್ಟು ಹಚ್ಚಿದ ಚಿಕ್ಕ ಪ್ರತಿ ಬೇರೆ, ಅದು ನೋಡುವುದಕ್ಕೆ. ತೆಗೆದದ್ದು ತೆಗೆದ ಹಾಗೆಯೇ, ಪೂರ್ತಿ ದೊಡ್ಡದಾಗಿ, ಹಿಂದೆ ಇರಬೇಕು. ‘ಜಾಗ ಡಬಲ್ ಆಗ್ತೈತಿ, ಬಾಡಿಗಿ ಏರ್ತೈತಿ’ ಎಂದು ಖಾಜಾ ಕುಣಿದ. ಅಸಲು ಪತ್ರದ ಮೇಲೆ ಯಾರಾದರೂ ಶಾಯಿ ಹಚ್ಚುತ್ತಾರೆಯೇ? ಅಸಲು ಅಸಲೇ ಎಂದೆ. ಏರಿದ ಬಾಡಿಗೆಗೆ ವರ್ಷದ್ದು ಒಟ್ಟಿಗೆ ಕಟ್ಟುತ್ತೇನೆಂದು ಹೇಳಿ ಕಂಪನಿಯಿಂದ ರಿಯಾಯಿತಿ ಎಳೆದೆ.

ಮಾಲೀಕರು ಫೋನಿನಲ್ಲೇ ತಮ್ಮ ಆಸ್ತಿ ನೋಡುವ ಹೊಸ ವ್ಯವಸ್ಥೆ ಶುರುವಾದ ವಾರವೇ ಗೌಡರ ಫೋನು.

‘ಏನವಾ, ತೆಕ್ಕಲಕೋಟಿ ನಮ್ಮ ಬೀಗರ ಗೋದಾಮು ನನ್ನ ಫೋನಿನಾಗ ಕಾಣಾಕತ್ತೈತಿ!’

ಖಾಜಾ ಎಲ್ಲ ಆಸ್ತಿಗೂ ಒಂದೇ ಕೀಲಿ ಹಾಕಿಬಿಟ್ಟಿದ್ದ. ಯಾರು ಬಾಗಿಲು ತೆಗೆದರೂ ಎಲ್ಲರ ಆಸ್ತಿಯೂ ಕಾಣುತ್ತಿತ್ತು.

‘ಹಂಗಾರ ನಿಮ್ಮದೂ ಬೀಗರಿಗೆ ಕಾಣ್ತಿರಬೇಕ್ರಿ ಗೌಡ್ರ.’

‘ಕಾಣ್ಲಿ ಬಿಡು, ನಮ್ಮದ ದೊಡ್ಡದೈತಿ. ಅವರು ಹೇಳಿದಷ್ಟು ದೊಡ್ಡದಿಲ್ಲವಾ ಅವರದು!’

ಗೌಡರು ಬಿದ್ದು ಬಿದ್ದು ನಕ್ಕರು. ಎಲ್ಲರೂ ಹೀಗೆ ನಗುವುದಿಲ್ಲವೆಂದು ನನಗೆ ಗೊತ್ತಿತ್ತು. ಸಂಜೆಯೊಳಗೆ ಖಾಜಾನನ್ನು ಕೂರಿಸಿ ಪ್ರತಿಯೊಬ್ಬರಿಗೂ ಬೇರೆ ಕೀಲಿ ಮಾಡಿಸಿದೆ. ಆದರೆ ಅಷ್ಟರೊಳಗೆ ಇನ್ನೊಬ್ಬರು ಈರಮ್ಮನ ಮನೆಯ ಫೋಟೊ ನೋಡಿ ಆಗಿತ್ತು, ತಮ್ಮ ಫೋನಿಗೆ ಇಳಿಸಿಕೊಂಡೂ ಆಗಿತ್ತು. ಬಳ್ಳಾರಿಯಲ್ಲಿ ಅಂಗಡಿ ಸಾಲು ಇದ್ದ ರಾಜಶೇಖರ, ಅವರೂ ನಮ್ಮ ಗಿರಾಕಿಯೇ. ಕುರುಗೋಡಿನಲ್ಲಿ ಈರಮ್ಮನ ಪಕ್ಕದ ಮನೆಯನ್ನು ವೀರೇಶಪ್ಪ ಎಂಬುವರಿಂದ ಅವರು ಆಗತಾನೇ ಕೊಂಡಿದ್ದರು. ಹಳೆ ಮನೆ ಕೆಡವಿ ಮಳಿಗೆ ಕಟ್ಟುವ ಲೆಕ್ಕ.

ಈರಮ್ಮನ ಮನೆಯ ಮುಂಭಾಗ ದರ್ಜಿಯೊಬ್ಬನಿಗೆ ಬಾಡಿಗೆ. ಹಿತ್ತಿಲಲ್ಲಿ ಗಿರಣಿ. ಗಿರಣಿಗೆ ಹೋಗಲು ಇದ್ದದ್ದು ಎರಡು ಮನೆಗಳ ನಡುವಿನ ಸಂದಿ, ಮೆಣಸಿನಕಾಯಿ ಚೀಲ ಹೊತ್ತವರು ಒಬ್ಬರ ಹಿಂದೆ ಒಬ್ಬರು ಹೋಗುವಷ್ಟು. ರಾಜಶೇಖರ ಆ ಸಂದಿಗೂ ಗೋಡೆ ಏರಿಸುತ್ತೇನೆಂದರು. ಅವರ ಪತ್ರದ ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಈರಮ್ಮನ ಮನೆ’ ಎಂದಿತ್ತು, ಸಂದಿಯ ಮಾತೇ ಇರಲಿಲ್ಲ. ಯಾರೋ ಕುಂತಲ್ಲೇ ಬರೆದ ಪತ್ರ.

ಈರಮ್ಮ ಬಸ್ಸು ಹಿಡಿದು ನಮ್ಮ ಅಂಗಡಿಗೆ ಬಂದಳು. ಸೆರಗಿನ ಖಾರದ ಘಾಟಿಗೆ ಖಾಜಾನ ಗಿರಾಕಿಗಳೆಲ್ಲ ಸೀನತೊಡಗಿದರು.

‘ಅಕ್ಕಾ, ನಿನ್ನ ಫೋಟೊ ನನ್ನ ಹೊಟ್ಟಿ ಮ್ಯಾಲ ಹೊಡೀತು ನೋಡು.’

‘ನನ್ನ ಫೋಟೊ ಏನ ಮಾಡೇತಿ?’

‘ಆ ಸಾವುಕಾರ ಊರ ಮಂದಿಗೆಲ್ಲಾ ತೋರಿಸಾಕತ್ಯಾನ. ಇಕಾ, ಈರಮ್ಮನ ಲೆಕ್ಕದಾಗ ಸಂದೀನ ಇಲ್ಲ, ಬರೇ ಗೋಡಿ ಐತಿ ಅಂತ. ಗೋಡಿ ಕಟ್ಟಾಕ ಕಲ್ಲು ತಂದು ಹಾಕ್ಯಾನ.’

ಫೋಟೊ ತೆರೆದು ನೋಡಿದೆ. ನಿಜ. ಮನೆಯ ಮುಂದೆ ಈರಮ್ಮನ ಇಡೀ ಬಳಗ ನಿಂತಿದೆ. ಹಿಂದೆ ಈರಮ್ಮನ ಮನೆಯ ಕೆಂಪು ಗೋಡೆ ಪಕ್ಕದ ಮನೆಗೆ ಕೂಡಿಕೊಂಡೇ ಇದೆ. ಸಂದಿಯ ಸುಳಿವಿಲ್ಲ.

‘ಇದೇನ ಈರಮ್ಮಾ? ಸಂದಿ ಎಲ್ಲಿ ಹೋತು?’

ಅವಳು ಹಣೆ ಚಚ್ಚಿಕೊಂಡಳು. ‘ನೀ ಬಂದಿದ್ದು ಮಗಳ ಬಸರಿ ಕುಬಸದ ದಿನ ಅಲ್ಲೇನ? ಬೀಗರು ಬಂದಿದ್ರು. ಸಂದ್ಯಾಗ ಹರಕ ಚೀಲ, ಖಾರದ ಧೂಳ, ಅಸಯ್ಯ ಕಾಣ್ತಿತ್ತು. ಫೋಟೊ ಚಂದ ಬರ್ಲಿ ಅಂತ ಕೆಂಪು ಜಮಖಾನಿ ಅಡ್ಡ ಹಿಡದಿದ್ವಿ.’

ನಮ್ಮ ಕಡೆ ಮನೆಯ ಫೋಟೊ ಎಂದರೆ ಮನೆಯ ಫೋಟೊ ಅಲ್ಲ, ಮನೆಯವರ ಫೋಟೊ. ದಾಖಲೆಗೆ ಬೇಕೆಂದು ಎಷ್ಟು ಹೇಳಿದರೂ ತಲೆ ಬಾಚಿಕೊಂಡು, ರೇಷ್ಮೆ ಸೀರೆ ಉಟ್ಟು, ಕೂಸಿಗೆ ಟೋಪಿ ಹಾಕಿ ಸಾಲಾಗಿ ನಿಲ್ಲುತ್ತಾರೆ. ಬಿರುಕಿಗೆ ಕ್ಯಾಲೆಂಡರ್ ನೇತುಹಾಕುತ್ತಾರೆ. ಮನೆಯ ನಂಬರಿನ ಮೇಲೆ ಸುಣ್ಣ ಬಳಿಯುತ್ತಾರೆ. ಆ ದಿನ ಹೋಳಿಗೆ ಊಟದ ಗಡಿಬಿಡಿಯಲ್ಲಿ ಜಮಖಾನೆ ನನ್ನ ಕಣ್ಣಿಗೂ ಗೋಡೆಯಾಗಿಯೇ ಕಂಡಿತ್ತು.

‘ಖಾಜಾ, ಅಸಲು ತೆಗಿಯಲೇ’ ಎಂದೆ.

ಬೊಟ್ಟಿಲ್ಲದ ದೊಡ್ಡ ಫೋಟೊ ಪರದೆಯ ತುಂಬ ಬಂತು. ಖಾಜಾ ಹಿಗ್ಗಿಸುತ್ತ ಹೋದ. ಹತ್ತಿರ ಹೋದಂತೆ ಗೋಡೆಯಲ್ಲಿ ಮಡಿಕೆ ಕಾಣಿಸಿತು. ಮೇಲಂಚಿನಲ್ಲಿ ಹುರುಳಿಕಾಳಿನಷ್ಟು ಸಣ್ಣವು ಏನೋ ಸಾಲಾಗಿದ್ದವು. ಇನ್ನಷ್ಟು ಹಿಗ್ಗಿಸಿದಾಗ ಬೆರಳುಗಳು! ಕೆಳಗೆ, ಎಡಮೂಲೆಯಲ್ಲಿ, ಚಿಕ್ಕ ಫೋಟೊದಲ್ಲಿ ದೃಷ್ಟಿಬೊಟ್ಟು ಕೂತಿದ್ದ ಜಾಗದಲ್ಲೇ, ಜಮಖಾನೆಯ ಅಂಚಿನಿಂದ ಚಪ್ಪಲಿ ಹಾಕಿದ ಒಂದು ಕಾಲು ಇಣುಕುತ್ತಿತ್ತು.

‘ಯಾರಿದು ಹಿಂದ ನಿಂತಾವರು?’

‘ವೀರೇಶಪ್ಪ. ಒಂದು ತುದಿ ನಮ್ಮ ಕಿಟಕಿಗೆ ಕಟ್ಟಿದ್ವಿ. ಇನ್ನೊಂದು ತುದಿ ಕಟ್ಟಾಕ ಅವನ ಗೋಡಿಗೆ ಮೊಳಿ ಇರಲಿಲ್ಲ. ಒಳ್ಳೇ ಮನುಷ್ಯಾ, ನಾ ಹಿಡೀತೀನಿ ತಗೋವಾ ಅಂದ.’ ಅಷ್ಟು ಹೇಳಿ ಅವಳ ದನಿ ಇಳಿಯಿತು. ‘ಈಗ ಕೇಳಿದ್ರ ನಂಗ ನೆನಪಿಲ್ಲ ಅಂತಾನ.’

ವೀರೇಶಪ್ಪ ಯಾಕೆ ಹಾಗೆ ಅನ್ನುತ್ತಾರೆಂದು ಕೇಳುವುದೇ ಬೇಡ. ಸಂದಿಯನ್ನೂ ಸೇರಿಸಿ ತೋರಿಸಿ ಮನೆ ಮಾರಿದ್ದರು. ಬಾಯಿಬಿಟ್ಟರೆ ಕೊಂಡವರು ಕೊರಳಪಟ್ಟಿ ಹಿಡಿಯುತ್ತಾರೆ.

ಇಲ್ಲಿ ಹೊಸಬರಿಗೆ ಒಂದು ಮಾತು. ಕೈಗೆ ಗಟ್ಟಿ ಸಾಕ್ಷಿ ಸಿಕ್ಕ ಕೂಡಲೇ ಎದುರಿನವರ ಮುಖಕ್ಕೆ ಒಗೆಯಬೇಡಿ. ಈರಮ್ಮನೂ ನನ್ನ ಗಿರಾಕಿ, ರಾಜಶೇಖರರೂ ನನ್ನ ಗಿರಾಕಿ. ಒಬ್ಬರನ್ನು ಗೆಲ್ಲಿಸಿ ಒಬ್ಬರನ್ನು ಕಳೆದುಕೊಳ್ಳುವುದು ವ್ಯಾಪಾರವಲ್ಲ. ಅದೂ ಅಲ್ಲದೆ ಈರಮ್ಮ ನಾಳೆಯೂ ಅವರ ಪಕ್ಕದಲ್ಲೇ ಬಾಳಬೇಕು. ಕೋರ್ಟಿಗೆ ಹೋದರೆ ತೀರ್ಪು ಬರುವಷ್ಟರಲ್ಲಿ ಗಿರಣಿಯ ಬೆಲ್ಟು ಗೆದ್ದಲಿಗೆ ಹೋಗುತ್ತದೆ. ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು, ಖಾಜಾನನ್ನು ಕರೆದುಕೊಂಡು ಕುರುಗೋಡಿಗೆ ಹೋದೆ. ಈರಮ್ಮನ ಮನೆಯ ಪಡಸಾಲೆಯಲ್ಲಿ ಓಣಿಯ ಹಿರಿಯರು, ರಾಜಶೇಖರ, ವೀರೇಶಪ್ಪ, ಅವರ ಹೆಂಡತಿ ನೀಲಮ್ಮ ಎಲ್ಲರೂ ಸೇರಿದರು. ಹೊರಗೆ ಕಲ್ಲಿನ ರಾಶಿ. ಗೌಂಡಿ ಕೆಲಸದವರು ಮಾತು ಮುಗಿಯಲಿ ಎಂದು ಬೀಡಿ ಹಚ್ಚಿಕೊಂಡು ಕಾಯುತ್ತಿದ್ದರು.

ರಾಜಶೇಖರರು ಫೋನು ಮುಂದೆ ಮಾಡಿದರು. ‘ಮೇಡಂ, ನಿಮ್ಮ ಸಾಫ್ಟ್‌ವೇರನ ಹೇಳ್ತೈತಿ, ಸಂದಿ ಇಲ್ಲಂತ. ನೀವ ಇಲ್ಲ ಅಂತೀರೇನ್ರಿ?’

‘ಯಾಕ ಅನ್ಲಿ ಸಾವಕಾರ್ರ? ನಾನ ತೆಗೆದೀನಿ ಅದನ್ನ. ಗೋಡಿ ಐತಿ, ಒಪ್ಕೊಂಡೆ. ಒಂದ ಮಾತು ತಿಳೀವಲ್ದು. ನೀವು ಮನಿ ಕಟ್ಟಿಸಿದಾವ್ರು, ನೀವ ಹೇಳ್ರಿ.’ ಲ್ಯಾಪ್‌ಟಾಪ್ ತಿರುಗಿಸಿದೆ. ‘ಗೋಡಿ ಒಳಗ ಮನುಷ್ಯಾ ಹೆಂಗ ನಿಂತಾನ?’

ಪರದೆಯ ತುಂಬ ಬೆರಳುಗಳು. ಖಾಜಾ ಕೆಳಗಿಳಿಸಿದ. ಪರದೆಯ ತುಂಬ ಕಾಲು. ವೀರೇಶಪ್ಪ ಮೇಲಿನ ತೊಲೆ ಎಣಿಸತೊಡಗಿದರು. ಆಗ ಮೂಲೆಯಲ್ಲಿ ಕೂತಿದ್ದ ನೀಲಮ್ಮ ಮುಂದೆ ಬಗ್ಗಿ ನೋಡಿ, ಗಂಡನ ಕಡೆ ತಿರುಗಿ ಶುರುಮಾಡಿದಳು:

‘ಅಯ್ಯ, ನಿಮ್ಮದಲ್ಲೇನ್ರೀ ಈ ಕಾಲು! ಚಪ್ಪಲಿ ಉಂಗುಟ ಕಿತ್ತೈತಿ, ದಾರ ಕಟ್ಟೀರಿ ನೋಡ್ರಿ. ಎಷ್ಟ ಸಲ ಬಡ್ಕೊಂಡೆ, ಹೊಸಾವು ತಗೋರಿ ಅಂತ. ಈಗ ಕಂಪ್ಯೂಟರಿನಾಗ ಬಂತು ನಮ್ಮ ಮನಿ ಮರ್ಯಾದಿ!’

ಒಬ್ಬ ಹಿರಿಯರು ಕೆಮ್ಮಿದಂತೆ ಮಾಡಿ ನಕ್ಕರು. ಆಮೇಲೆ ಪಡಸಾಲೆಯೇ ನಕ್ಕಿತು. ವೀರೇಶಪ್ಪ ತೊಲೆ ಎಣಿಸುವುದು ಬಿಟ್ಟು ಕೆಳಗೆ ನೋಡಿದರು.

‘ಇರ್ಲಿ ಬಿಡ್ರಿ, ನಾನ ನಿಂತಿದ್ದೆ’ ಎಂದರು. ‘ಸಂದಿ ನಮ್ಮಪ್ಪನ ಕಾಲದಿಂದ ಐತಿ. ಹೇಳಿದ್ರ ರೇಟು ಕಡಿಮಿ ಆಗ್ತಿತ್ತು, ಹೇಳಲಿಲ್ಲ.’

ರಾಜಶೇಖರರ ಮುಖ ಈರಮ್ಮನ ಗಿರಣಿಯಿಂದ ಬಂದ ಪುಡಿಯಂತೆ ಕೆಂಪಾಯಿತು. ‘ಅಂದ್ರ ನಾ ಮೋಸ ಹೋದೆನೇನು?’ ಎಂದು ಎದ್ದು ನಿಂತರು. ಈ ಹೊತ್ತಿಗೇ ನಾನು ಕಾದಿದ್ದೆ. ಸಿಟ್ಟಿನಲ್ಲಿರುವ ವ್ಯಾಪಾರಿಗೆ ನ್ಯಾಯ ಹೇಳಬಾರದು, ಲಾಭ ಹೇಳಬೇಕು.

‘ಕುಂದರ್ರಿ ಸಾವಕಾರ್ರ. ಮಳಿಗಿ ಕಟ್ಟೀರಿ, ಗಿರಾಕಿ ಎಲ್ಲಿಂದ ತರ್ತೀರಿ?’

‘ಬರ್ತಾರ, ಯಾಕ ಬರಂಗಿಲ್ಲ?’

‘ಮೆಣಸಿನಕಾಯಿ ಸುಗ್ಗ್ಯಾಗ ಈ ಸಂದಿ ನೋಡೀರೇನು? ಸುತ್ತ ಹಳ್ಳಿ ಹೆಣ್ಮಕ್ಕಳೆಲ್ಲಾ ಖಾರ ಕುಟ್ಟಿಸಾಕ ಇಲ್ಲೇ ಬರೋದು. ಪಾಳಿ ಕಾಯಬೇಕು. ಸುಮ್ಮನ ನಿಂತಿರ್ತಾರ. ನಿಮ್ಮ ಮಳಿಗಿಗೆ ಸಂದಿ ಕಡೆ ಒಂದು ಬಾಗಲಾ ಇಟ್ರ?’

ರಾಜಶೇಖರರು ಕೂತರು. ‘ಬಳೆ ಅಂಗಡಿ ನಡೀತೈತೇನು?’

‘ಬಳೆ, ಪಾತ್ರಿ, ಉಪ್ಪು, ಇಂಗು. ಗೋಡಿ ಕಟ್ಟಿದ್ರ ಇವರೆಲ್ಲಾ ಬ್ಯಾರೆ ಗಿರಣಿ ನೋಡ್ಕೊಂಡು ಹೋಗ್ತಾರ. ನಿಮ್ಮ ಬಾಗಲಾ ಯಾರ ನೋಡಬೇಕು?’

ಈರಮ್ಮ ತಟ್ಟನೆ, ‘ಬಾಗಲಾ ಇಡ್ಲಿ. ಆದ್ರ ಸಂದ್ಯಾಗ ಸಾಮಾನು ಹಚ್ಚಿ ಅಂಗಡಿ ಹಾಕಬಾರ್ದು’ ಎಂದಳು. ಅವಳಿಗೂ ಚೌಕಾಸಿ ಬರುತ್ತಿತ್ತೆಂದು ನನಗೆ ಅಂದೇ ಗೊತ್ತಾದದ್ದು. ಮಾತು ಜಗ್ಗಾಡಿ ಜಗ್ಗಾಡಿ ಒಂದು ಕಡೆ ನಿಂತಿತು. ಸಂದಿ ಇದ್ದಷ್ಟು ಅಗಲಕ್ಕೇ, ಇಬ್ಬರಿಗೂ ದಾರಿಯಾಗಿ, ಎಂದೆಂದಿಗೂ ಉಳಿಯತಕ್ಕದ್ದು. ರಾಜಶೇಖರರು ಬಾಗಿಲು ಇಟ್ಟುಕೊಳ್ಳಬಹುದು, ನೆಲಕ್ಕೆ ಅವರೇ ಪರ್ಸಿ ಕಲ್ಲು ಹಾಸತಕ್ಕದ್ದು. ಬಂದ ಕಲ್ಲು ಅದಕ್ಕೇ ಆಯಿತು. ವೀರೇಶಪ್ಪನವರು ಕೊಂಡವರಿಗೆ ಎಷ್ಟು ತಿರುಗಿ ಕೊಟ್ಟರೋ ನಾನು ಕೇಳಲಿಲ್ಲ. ಅದು ಅವರ ಅವರ ವಿಷಯ. ಪತ್ರ ನಾನೇ ಬರೆದೆ. ಬರೆಯುವ ಮೊದಲು ಆ ತುದಿಯಿಂದ ಈ ತುದಿಗೆ ನಡೆದು, ಟೇಪು ಹಿಡಿದು ಬಂದೆ.

ಈಗ ಅಂಗಡಿಯನ್ನು ಖಾಜಾನಿಗೇ ಬಿಟ್ಟುಕೊಟ್ಟಿದ್ದೇನೆ. ಹೊಸಬರಿಗೆ ಅವನು ಮೊದಲು ಕಲಿಸುವುದು ಕುರುಗೋಡಿನ ಪಾಠ ಆದಮೇಲೆ ನಾವು ಹಿಡಿದ ಪದ್ಧತಿ. ಮನೆಯ ಮುಂದೆ ಹೋದ ಕೂಡಲೇ ‘ಸರೀರಿ, ದೂರ ನಿಲ್ರಿ’ ಎನ್ನಬೇಡಿ, ಮುನಿಸಿಕೊಳ್ಳುತ್ತಾರೆ. ಮೊದಲು ಎಲ್ಲರನ್ನೂ ನಿಲ್ಲಿಸಿ ಚೆಂದದ ಒಂದು ಫೋಟೊ ತೆಗೆದು ಅವರ ವಾಟ್ಸಾಪಿಗೆ ಕಳಿಸಿ, ಪುಕ್ಕಟೆಯಾಗಿ. ಅವರು ಅದನ್ನು ನೋಡುತ್ತ ನೆರಳಿಗೆ ಹೋಗುತ್ತಾರೆ. ಆಗ ನಿಮಗೆ ಬೇಕಾದ ಮನೆ, ಗೋಡೆ, ಸಂದಿ, ಬಿರುಕು ಎಲ್ಲ ತೆರವಾಗಿ ಸಿಗುತ್ತದೆ. ನೋಡುವ ಪ್ರತಿಗೆ ಬೊಟ್ಟು ಹಚ್ಚಿ, ಅಸಲಿಗೆ ಕೈ ಹಚ್ಚಬೇಡಿ.

ಕುರುಗೋಡಿನಲ್ಲಿ ಮಾತು ಮುಗಿದ ಆ ದಿನ, ಪತ್ರದ ಜೊತೆ ಇಡಲು ಸಂದಿಯ ಫೋಟೊ ಬೇಕಿತ್ತು. ಎಲ್ಲರನ್ನೂ ಆಚೆ ಕಳಿಸಿ ಫೋನು ಎತ್ತಿ ನಿಂತೆ. ಹಿರಿಯರು ಈ ಕಡೆ, ರಾಜಶೇಖರರು ಆ ಕಡೆ, ಗೌಂಡಿಗಳು ಕಲ್ಲಿನ ಮೇಲೆ, ಈರಮ್ಮ ಆಗಲೇ ಹಿತ್ತಿಲಿನ ಗಿರಣಿಯಲ್ಲಿ. ಅಷ್ಟರಲ್ಲಿ ಯಾವ ಹಳ್ಳಿಯವಳೋ, ತಲೆಯ ಮೇಲೆ ಮೆಣಸಿನಕಾಯಿ ಚೀಲ ಹೊತ್ತ ಹೆಂಗಸೊಬ್ಬಳು ನಮ್ಮ ಗುಂಪಿನ ನಡುವೆ ಬಂದಳು.

‘ಗಿರಣಿ ಚಾಲೂ ಐತೇನ್ರಿ?’

ಯಾರಾದರೂ ಉತ್ತರ ಕೊಡಲೆಂದು ಅವಳು ನಿಲ್ಲಲಿಲ್ಲ. ಚೀಲ ಗೋಡೆಗೆ ತಾಗದಂತೆ ಒಂದು ಕೈಯಿಂದ ಹಿಡಿದುಕೊಂಡು, ದಿನಾ ಹೋಗುವವಳಂತೆ ಸಂದಿಯೊಳಗೆ ನಡೆದುಬಿಟ್ಟಳು. ಖಾಜಾ, ‘ತಡಿಯಕ್ಕ, ಅವರು ದಾಟ್ಲಿ’ ಎಂದ. ನಾನು ತಡೆಯಲಿಲ್ಲ, ಅವಳು ನಡೆಯುತ್ತಿರುವಾಗಲೇ ಒತ್ತಿದೆ. ಹಿತ್ತಿಲಲ್ಲಿ ಗಿರಣಿ ಗುರ್ ಎಂದು ಶುರುವಾಯಿತು. ಗಳಿಗೆಯಲ್ಲಿ ಘಾಟು ಸಂದಿ ದಾಟಿ ಬಂತು, ಮೊದಲ ಸೀನು ಸೀನಿದವರು ರಾಜಶೇಖರರು.